ಗೆಲ್ಲೋರನ್ನ ಆರಿಸಿದ್ದು ಸಾಕು, ಮಕ್ಕಳಿಗೆ ಆಟ ಹುಡುಕಿಕೊಡಿ

ನಮ್ಮ ಹಳ್ಳಿಯ ಬಹಳಷ್ಟು ಪ್ರಾಥಮಿಕ ಶಾಲೆಗಳಲ್ಲಿ ಕ್ರೀಡೆ ಅಂದರೆ ವರ್ಷಕ್ಕೆ ಎರಡೇ ದಿನ. ಒಂದು ಆಗಸ್ಟ್ 15ರ ಹಿಂದಿನ ದಿನ, ಇನ್ನೊಂದು ಕ್ಲಸ್ಟರ್ ಕ್ರೀಡಾಕೂಟಕ್ಕೆ ತಂಡ ಆರಿಸುವ ದಿನ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಓಡಿಸುತ್ತಾರೆ, ಮುಂದೆ ಬಂದವರ ಹೆಸರು ಬರೆದುಕೊಳ್ಳುತ್ತಾರೆ. ಮೈಕಟ್ಟು ಇದ್ದವನು ಕಬಡ್ಡಿಗೆ, ಚುರುಕಾಗಿರುವವಳು ಖೋಖೋಗೆ. ಉಳಿದವರು ಚಪ್ಪಾಳೆಗೆ.

ಅಲ್ಲಿಗೆ "ಅವನಿಗೆ ಆಟ ಬರಲ್ಲ ಬಿಡಿ" ಅನ್ನೋ ಮುದ್ರೆ ಬಿತ್ತು. ಆ ಹುಡುಗ ಸೋತದ್ದು ಒಂದು ಓಟದಲ್ಲಿ ಮಾತ್ರ. ಬೇರೆ ಯಾವ ಆಟವನ್ನು ಆಡಿಸಿ ನೋಡಿದ್ದೇವೆ?

ಈ ಆಯ್ಕೆಯೂ ನ್ಯಾಯದ್ದಲ್ಲ. ಒಂದೇ ತರಗತಿಯಲ್ಲಿ ಜೂನ್‌ನಲ್ಲಿ ಹುಟ್ಟಿದ ಮಗುವಿಗೂ ಮುಂದಿನ ಮೇನಲ್ಲಿ ಹುಟ್ಟಿದ ಮಗುವಿಗೂ ಹನ್ನೊಂದು ತಿಂಗಳ ಅಂತರ. ಎಂಟು ವರ್ಷದವರಲ್ಲಿ ಅದು ದೊಡ್ಡ ಅಂತರ. ದೊಡ್ಡ ಮಗು ಗೆದ್ದರೆ ಪ್ರತಿಭೆ ಅಂತೀವಿ, ಚಿಕ್ಕದು ಸೋತರೆ ದಡ್ಡ ಅಂತೀವಿ.

ಹಾಸನ ಜಿಲ್ಲೆಯ ಹಳ್ಳಿಯಿಂದ ಬಂದ ಎಚ್.ಎನ್. ಗಿರೀಶ್ ಅವರಿಗೆ ಹುಟ್ಟಿನಿಂದ ಒಂದು ಕಾಲಿನಲ್ಲಿ ಊನ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತಕ್ಕೆ ಬೆಳ್ಳಿ ಪದಕ ತಂದರು. ನಮ್ಮ ಸಾಲಿನ ಓಟದಲ್ಲಿ ಅಂಥ ಮಗುವನ್ನು ಯಾರು ಗುರುತಿಸುತ್ತಿದ್ದರು?

ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನೋಡಿ. ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಆಟದ ಸಾಮಾನು ಕೊಡಬೇಕು ಎನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರ ಮಾತು ಬರುವುದು 6ರಿಂದ 8ನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಆಟ ಮೈಗೆ ಹತ್ತುವ ವಯಸ್ಸಿನ 1ರಿಂದ 5ನೇ ತರಗತಿಯ ಮಕ್ಕಳನ್ನು ಕಾಯ್ದೆಯೇ ಮರೆತಿದೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ತಿಂಗಳಿಗೊಂದು ಆಟ ಇಟ್ಟುಕೊಳ್ಳಿ, ಎಲ್ಲ ಮಕ್ಕಳೂ ಆಡಲಿ. ಖೋಖೋಗೆ ಬೇಕಾದದ್ದು ಎರಡು ಕಂಬ, ಸುಣ್ಣದ ಗೆರೆ. ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಅದೇ ಆಟದಲ್ಲಿ 2025ರ ಜನವರಿಯಲ್ಲಿ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಉದ್ದ ಜಿಗಿತಕ್ಕೆ ಒಂದು ಟ್ರ್ಯಾಕ್ಟರ್ ಮರಳು ಸಾಕು. ಶಟಲ್, ಥ್ರೋಬಾಲ್, ಚೆಸ್‌ಗೆ ಊರ ಜಾತ್ರೆಯ ಪಟಾಕಿ ದುಡ್ಡಿನಲ್ಲಿ ಸ್ವಲ್ಪ ಎತ್ತಿಟ್ಟರೆ ಆಯಿತು.

ಮನೆಯಲ್ಲೂ ಕಣ್ಣು ಬಿಟ್ಟು ನೋಡಿ. ಮಾವಿನಕಾಯಿಗೆ ಗುರಿಯಿಟ್ಟು ಕಲ್ಲು ಹೊಡೆಯುವ ಹುಡುಗಿಗೆ ಎಸೆತದ ಆಟ ಒಗ್ಗಬಹುದು. ಮರ ಹತ್ತುವವನಿಗೆ ಜಿಗಿತ ಒಗ್ಗಬಹುದು. ಗದ್ದಲ ಆಗದ ಮಗುವಿಗೆ ಗುಂಪಿನ ಆಟಕ್ಕಿಂತ ಶಟಲ್ ಹಿತವಾಗಬಹುದು. ಇದೆಲ್ಲ ನಮ್ಮ ಅಂದಾಜು ಅಷ್ಟೇ. ಆಡಿಸಿ, ಆಮೇಲೆ "ನಿಂಗೆ ಯಾವುದು ಖುಷಿ ಆಯ್ತು?" ಅಂತ ಮಗುವನ್ನೇ ಕೇಳಿ.

"ಆಟ ಆಡಿ ಏನು ಉದ್ಧಾರ ಆಗ್ತಾನೆ?" ಅನ್ನೋರಿದ್ದಾರೆ. ಎಲ್ಲರೂ ಪದಕ ತರಲಿ ಅಂತ ಯಾರೂ ಹೇಳುತ್ತಿಲ್ಲ. ತನಗೆ ಒಗ್ಗಿದ ಆಟವೊಂದು ಸಿಕ್ಕ ಮಗು ಮೊಬೈಲ್ ಬಿಟ್ಟು ಬಯಲಿಗೆ ಬರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ತಡಮಾಡುವಂತಿಲ್ಲ. ದೊಡ್ಡವಳಾದ ಮೇಲೆ ಮೈದಾನದಿಂದ ಎಳೆದುಕೊಂಡು ಬರಲು ಮನೆಯವರಿಗೆ ನೂರು ನೆಪ ಸಿಗುತ್ತವೆ. ಅಷ್ಟರೊಳಗೆ ಆಟ ಅವಳದ್ದಾಗಿದ್ದರೆ ಬಿಡಿಸುವುದು ಸುಲಭವಲ್ಲ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಎಷ್ಟು ಕಪ್ ಬಂತು ಅಂತ ಕೇಳಬೇಡಿ. ಈ ವರ್ಷ ಒಂದು ಆಟವನ್ನೂ ಆಡದ ಮಕ್ಕಳು ಎಷ್ಟು ಅಂತ ಕೇಳಿ. ಉತ್ತರ ಸೊನ್ನೆ ಆಗುವವರೆಗೂ ಕೇಳುತ್ತಲೇ ಇರಿ.