ಗಾಳಿಯೇ ಗೆಳೆಯ, ಗಾಳಿಯೇ ಹಗೆ

ಎಂಜಿನ್ನಿನ ಒಡಲಲ್ಲಿ ಹುಟ್ಟುವ ಬೆಂಕಿಯನ್ನು ತಣಿಸುವುದಕ್ಕೆ ಎರಡು ದಾರಿಗಳುಂಟು: ಒಂದು ನೀರಿನದು, ಇನ್ನೊಂದು ಗಾಳಿಯದು. ನೀರಿನ ದಾರಿಗೆ ರೇಡಿಯೇಟರ್ ಬೇಕು, ಪಂಪು ಬೇಕು, ಕೊಳವೆಗಳು ಬೇಕು. ಗಾಳಿಯ ದಾರಿಗೆ ಸಿಲಿಂಡರಿನ ಮೈಮೇಲೆ ಲೋಹದ ರೆಕ್ಕೆಗಳಿದ್ದರೆ ಬಹುಮಟ್ಟಿಗೆ ಸಾಕು. ಜರ್ಮನಿಯ ಬೀಟಲ್ ಕಾರು ಈ ಎರಡನೆಯ ದಾರಿಯಲ್ಲಿಯೇ ಲೋಕವನ್ನು ಸುತ್ತಿತು. ಪೋರ್ಶೆ 911 ಎಂಬ ವೇಗದ ಕಾರು 1998ರವರೆಗೂ ಅದನ್ನು ಬಿಡಲಿಲ್ಲ. ಕನ್ನಡ ನಾಡಿನಲ್ಲಾದರೋ ಈ ವಿದ್ಯೆ ಮನೆಯಂಗಳಕ್ಕೆ ಬಂದುದು ಕಾರಿನಿಂದಲ್ಲ, ಮೈಸೂರಿನ ಮೋಟಾರ್ ಸೈಕಲ್ಲಿನಿಂದ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯದ ವಿನ್ಯಾಸವನ್ನು ತಂದು 1961ರಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿತು. ಅದೇ ಮುಂದೆ ಯೆಜ್ಡಿಯಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್, 250 ಸಿ.ಸಿ.ಯ ಒಂದೇ ಸಿಲಿಂಡರಿನಿಂದ 16 ಅಶ್ವಶಕ್ತಿಯನ್ನು ಹೊರಡಿಸಿ ತರುಣರ ಮನಸ್ಸನ್ನು ಸೆಳೆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮಾರುಕಟ್ಟೆಗೆ ಮರಳಿದವು. ಆದರೆ ಈ ಹೊಸ ಎಂಜಿನ್ನುಗಳು ದ್ರವದಿಂದ ತಣಿಯುವಂಥವು. ಆದ್ದರಿಂದ ಹಳೆಯ ಗಾಡಿಯ ಆಯುಸ್ಸು ಈಗ ಅದರ ಒಡೆಯನ ಕೈಯಲ್ಲಿದೆ.

ಅಂಥ ಗಾಡಿಗೆ ಕಲಬುರಗಿ ಜಿಲ್ಲೆಯ ಸುಣ್ಣಕಲ್ಲಿನ ಸೀಮೆ ಕಠಿಣವಾದ ಪರೀಕ್ಷೆಯೇ ಸರಿ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಶಹಾಬಾದಿನ ಕಲ್ಲುಗಣಿ, ವಾಡಿ ಮತ್ತು ಸೇಡಂಗಳ ಸಿಮೆಂಟ್ ಕಾರ್ಖಾನೆ, ಚಿತ್ತಾಪುರದ ದಾರಿಯಲ್ಲಿ ಓಡುವ ಲಾರಿ, ಇವೆಲ್ಲವೂ ಗಾಳಿಗೆ ಧೂಳನ್ನು ಬೆರೆಸುತ್ತವೆ. ಸುಣ್ಣಕಲ್ಲಿನ ಪುಡಿ ಮೃದುವಾದುದು. ಮೋಸ್ ಎಂಬ ಗಡಸುತನದ ಅಳತೆಯಲ್ಲಿ ಅದರ ಅಂಕ 3 ಮಾತ್ರ. ಆದರೆ ರಸ್ತೆಯ ಧೂಳಿನಲ್ಲಿ ಬೆರೆತಿರುವ ಮರಳಿನ ಕಣದ ಅಂಕ 7. ಅದು ಎರಕದ ಕಬ್ಬಿಣವನ್ನೂ ಗೀರಬಲ್ಲದು. ಏರ್ ಫಿಲ್ಟರ್ ಹರಿದಿದ್ದರೆ ಈ ಕಣವು ಪಿಸ್ಟನ್ನಿನ ಬದಿಗೆ ಸೇರಿ ಅರದ ಕೆಲಸವನ್ನು ಮಾಡುತ್ತದೆ. ಹೊರಗಾದರೋ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡು ರೆಕ್ಕೆಗಳ ನಡುವೆ ಹೆಪ್ಪುಗಟ್ಟುತ್ತದೆ. ಎಂಜಿನ್ನಿಗೆ ನಡುಬೇಸಗೆಯಲ್ಲಿ ಕಂಬಳಿ ಹೊದಿಸಿದಂತಾಗುತ್ತದೆ. ತಣಿಸಬೇಕಾದ ಗಾಳಿಯೇ ಹೀಗೆ ಹಗೆಯಾಗಿ ನಿಲ್ಲುತ್ತದೆ.

ಮನೆಯಲ್ಲಿ ಎಂಜಿನ್ ಬಿಚ್ಚಲು ಹೊರಟವನು ಮೊದಲು ಹೊರಮೈಯನ್ನು ತೊಳೆಯಬೇಕು, ಆಮೇಲೆ ಸ್ಪ್ಯಾನರ್ ಹಿಡಿಯಬೇಕು. ಬಿಚ್ಚಿದ ಭಾಗಗಳನ್ನು ಹಾಸುಗಲ್ಲಿನ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಬಿಚ್ಚಿದ ಕ್ರಮದಲ್ಲಿಯೇ ಇಡುವುದು ಲೇಸು. ಸಿಲಿಂಡರಿನ ಒಳವ್ಯಾಸವನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಅಳೆದರೆ ಸವೆತದ ಕಥೆಯೆಲ್ಲ ಹೊರಬರುತ್ತದೆ. ಸವೆದಿದ್ದರೆ ಬೋರಿಂಗ್ ಕೆಲಸವನ್ನು ಯಂತ್ರವಿರುವ ಅಂಗಡಿಗೇ ಒಪ್ಪಿಸಬೇಕು. ಆದರೆ ದೊಡ್ಡ ಅಳತೆಯ ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನು ಅಳೆದು, ಅದಕ್ಕೆ ತಕ್ಕಂತೆ ಸಿಲಿಂಡರನ್ನು ಕೊರೆಯಿಸುವುದು ಜಾಣತನ.

ಇಷ್ಟೊಂದು ಅಳತೆಯೇಕೆ ಎಂದು ಕೇಳುವವರುಂಟು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಲಿಂಡರ್ ಎರಕದ ಕಬ್ಬಿಣದ್ದು. 65 ಮಿ.ಮೀ. ವ್ಯಾಸದ ಪಿಸ್ಟನ್ 100 ಡಿಗ್ರಿ ಕಾದರೆ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ; ಸಿಲಿಂಡರ್ ಅಷ್ಟೇ ಕಾದರೂ ಹಿಗ್ಗುವುದು ಸುಮಾರು 0.07 ಮಿ.ಮೀ. ಮಾತ್ರ. ಈ ಎರಡರ ನಡುವಣ ಅಂತರ ಒಂದು ತಲೆಗೂದಲಿನ ದಪ್ಪದಷ್ಟು. ಆ ಕೂದಲೆಳೆಯ ಜಾಗವನ್ನು ಬಿಡದೆ ಜೋಡಿಸಿದರೆ ಓಡುತ್ತಿರುವಾಗಲೇ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಉರುಳದೆ ಎಳೆದಾಡುತ್ತದೆ. ತಕ್ಷಣ ಕ್ಲಚ್ ಹಿಡಿದವನು ಉಳಿದುಕೊಂಡಾನು. ಕ್ಷಣ ತಡೆದವನ ಗತಿಯನ್ನು ಬಣ್ಣಿಸಬೇಕಾಗಿಲ್ಲ.

ಹೋನಿಂಗ್ ಆದ ಮೇಲೆ ಸಿಲಿಂಡರನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದರೆ ಸಾಲದು. ಬಿಸಿನೀರು, ಸಾಬೂನು ಹಾಕಿ ಉಜ್ಜಬೇಕು. ಬಿಳಿಯ ಬಟ್ಟೆಯಿಂದ ಒರೆಸಿದಾಗ ಬೂದುಬಣ್ಣ ಹತ್ತದಿರುವವರೆಗೂ ತೊಳೆದು, ಕೂಡಲೇ ಎಣ್ಣೆ ಸವರಬೇಕು. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳನ್ನು ಹಳೆಯವೇ ಇರಲೆಂದು ಬಿಡುವುದು ಕಾಸಿನ ಉಳಿತಾಯ, ರೂಪಾಯಿಯ ನಷ್ಟ. ಒಂದು ಬದಿಯದು ಸೋತರೆ ಗೇರ್‌ಬಾಕ್ಸಿನ ಎಣ್ಣೆ ಉರಿದು ಹೊಗೆಯಾಗುತ್ತದೆ. ಇನ್ನೊಂದು ಬದಿಯದು ಸೋತರೆ ಹೊರಗಿನ ಗಾಳಿ ನುಗ್ಗಿ ಪೆಟ್ರೋಲಿನ ಪಾಲು ತಗ್ಗುತ್ತದೆ, ಎಂಜಿನ್ ಮಿತಿಮೀರಿ ಕಾಯುತ್ತದೆ.

ವೇಗದ ಹುಚ್ಚಿನಿಂದ ಹೆಡ್ಡನ್ನು ಅರೆದು ಒತ್ತಡ ಏರಿಸುವವರಿದ್ದಾರೆ. ತಂಪು ನಾಡಿನಲ್ಲಿ ಅದು ನಡೆದೀತು. ಆದರೆ ಒತ್ತಡ ಏರಿದಷ್ಟೂ ಶಾಖ ಏರುತ್ತದೆ. ಆ ಶಾಖವನ್ನು ಒಯ್ಯಬೇಕಾದ ಗಾಳಿಯೇ 40 ಡಿಗ್ರಿ ಕಾದಿದ್ದರೆ ಎಂಜಿನ್ ಯಾರ ಬಳಿ ಮೊರೆಯಿಡಬೇಕು? ಇಲ್ಲಿ ಕಾರ್ಖಾನೆಯವರು ಕೊಟ್ಟ ಶಕ್ತಿಯನ್ನು ಪೂರ್ಣವಾಗಿ ಮರಳಿ ಪಡೆಯುವುದೇ ನಿಜವಾದ ಸಾಧನೆ.

ಜೋಡಣೆ ಮುಗಿದ ಮೇಲೆ ಪಳಗಿಸುವ ಕಾಲ ಬರುತ್ತದೆ. ಬೆಳಗಿನ ತಂಪಿನಲ್ಲಿ ಸೇಡಂನಿಂದ ಚಿಂಚೋಳಿಯ ಕಡೆಗೆ, ವೇಗವನ್ನು ಆಗಾಗ ಬದಲಿಸುತ್ತ, ಎಂಜಿನ್ನನ್ನು ದಣಿಸದೆ ಓಡಿಸುವುದು ಒಳ್ಳೆಯದು. ಕುಂಚಾವರಂ ಕಾಡಿನ ಇಳಿಜಾರಿನಲ್ಲಿ ಮಾತ್ರ ಎಚ್ಚರವಿರಲಿ. ಈ ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ದೊರೆಯುವುದು ಪೆಟ್ರೋಲಿನ ಜೊತೆಯಲ್ಲಿ. ಗೇರಿನಲ್ಲಿದ್ದುಕೊಂಡೇ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹುದೂರ ಇಳಿದರೆ ಎಣ್ಣೆಯೂ ನಿಂತುಹೋಗುತ್ತದೆ. ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಎಂಜಿನ್ನಿನ ಗಂಟಲನ್ನು ನೆನೆಸುತ್ತಿರಬೇಕು.

ತಾಳಿದವನು ಬಾಳಿಯಾನು ಎಂಬ ಗಾದೆ ಮನುಷ್ಯರಿಗೆ ಹುಟ್ಟಿದ್ದು. ಮೊದಲ ಕೆಲವು ನೂರು ಕಿಲೋಮೀಟರು ತಾಳಿಕೊಂಡವನ ಗಾಡಿಗೂ ಅದು ಅನ್ವಯಿಸುತ್ತದೆ.