ರಕ್ತದೊಳಗಿನ ವೇಷಗಾರ

ಹಗಲುವೇಷದವರು ಊರಿಗೆ ಬರುತ್ತಿದ್ದ ಕಾಲ ಮನೆಯ ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ಇವತ್ತು ರಾಮ, ನಾಳೆ ರಾವಣ, ನಾಡಿದ್ದು ಪೊಲೀಸಿನವನು. ಆಸಾಮಿ ಒಬ್ಬನೇ, ವೇಷ ಮಾತ್ರ ಬೇರೆ. ಮಕ್ಕಳೇ, ಈ ವಾರ ನಾನು ಹೇಳುವುದೂ ಅಂಥ ಒಬ್ಬ ವೇಷಗಾರನ ಕಥೆ. ಆದರೆ ಇವನು ಬರುವುದು ಊರಿಗಲ್ಲ, ರಕ್ತಕ್ಕೆ!

ಇವನ ಹೆಸರು ಟ್ರಿಪನೊಸೋಮ. ಒಂದೇ ಜೀವಕೋಶದ ಪರೋಪಜೀವಿ. ಸುಮಾರು 50 ಟ್ರಿಪನೊಸೋಮಗಳು ಸಾಲಾಗಿ ನಿಂತರೆ ಒಂದು ಮಿಲಿಮೀಟರ್ ಆದೀತು. ಆಫ್ರಿಕಾದಲ್ಲಿ ಟ್ಸೆಟ್ಸೆ ಎಂಬ ನೊಣ ಕಚ್ಚಿದಾಗ ಇದು ಮನುಷ್ಯರ ಮೈ ಸೇರಿ ನಿದ್ರಾರೋಗ ತರುತ್ತದೆ. ಮಿದುಳಿಗೆ ಹೋಯಿತೆಂದರೆ ರೋಗಿ ಹಗಲೆಲ್ಲ ತೂಕಡಿಸುತ್ತಾನೆ, ರಾತ್ರಿ ಎಚ್ಚರವಿರುತ್ತಾನೆ. ಔಷಧಿ ಸಿಗದಿದ್ದರೆ ಬದುಕುವುದು ಕಷ್ಟ.

ನಮ್ಮ ಮೈಯೇನು ಸುಮ್ಮನಿರುವುದಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ‘ಆಂಟಿಬಾಡಿ’ ನೆನಪಿದೆಯೇ? ಕನ್ನಡದಲ್ಲಿ ಅದು ಪ್ರತಿಕಾಯ. ರೋಗಾಣುವಿನ ಹೊರಮೈ ನೋಡಿ ಗುರುತು ಹಿಡಿದು ಅಂಟಿಕೊಳ್ಳುವುದು ಅದರ ಕೆಲಸ. ಮೊದಲು ಓಡಿಬರುವುದು ಐಜಿಎಂ ಎಂಬ ಪ್ರತಿಕಾಯ. ಅದಕ್ಕೆ ಹಿಡಿಯಲು ಹತ್ತು ಕೈ!

ಈಗ ವೇಷದ ವಿಷಯ. 1910ರಲ್ಲಿ ರೊನಾಲ್ಡ್ ರಾಸ್ ಮತ್ತು ಡೇವಿಡ್ ಥಾಮ್ಸನ್ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಒಬ್ಬ ನಿದ್ರಾರೋಗಿಯ ರಕ್ತದಲ್ಲಿದ್ದ ಟ್ರಿಪನೊಸೋಮಗಳನ್ನು ದಿನವೂ ಎಣಿಸಿದರು. (ಇದೇ ರಾಸ್ 1883ರಲ್ಲಿ ನಮ್ಮ ಬೆಂಗಳೂರಿನಲ್ಲಿ ವೈದ್ಯನಾಗಿದ್ದ, ಮುಂದೆ ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿದ.) ಸಂಖ್ಯೆ ಏರುತ್ತಿತ್ತು, ದಿಢೀರನೆ ಇಳಿಯುತ್ತಿತ್ತು, ಏಳೆಂಟು ದಿನಕ್ಕೆ ಮತ್ತೆ ಏರುತ್ತಿತ್ತು. ಸಮುದ್ರದ ಅಲೆಯ ಹಾಗೆ.

ಯಾಕೆ ಹೀಗೆ? ಉತ್ತರ ಹುಡುಕಲು ನೆರವಾದದ್ದು ಪ್ರಯೋಗಾಲಯದ ಪುಟ್ಟ ಸುಂಡಿಲಿಗಳು. ಸೋಂಕು ತಗುಲಿದ ಕೆಲವೇ ದಿನದಲ್ಲಿ ಸುಂಡಿಲಿಯ ರಕ್ತದ ತುಂಬ ಟ್ರಿಪನೊಸೋಮಗಳು. ಅಷ್ಟರಲ್ಲಿ ಪ್ರತಿಕಾಯಗಳು ತಯಾರಾಗಿ ಅವನ್ನು ಹಿಡಿದು ಮುಗಿಸುತ್ತವೆ. ಗೆದ್ದೆವು ಎನ್ನುವಷ್ಟರಲ್ಲಿ ಇನ್ನೊಂದು ದಂಡು ಎದ್ದು ಬರುತ್ತದೆ. ಹಳೆಯ ಪ್ರತಿಕಾಯಗಳಿಗೆ ಅದರ ಗುರುತೇ ಸಿಗುವುದಿಲ್ಲ!

ಟ್ರಿಪನೊಸೋಮದ ಮೈಮೇಲೆ ಸುಮಾರು ಒಂದು ಕೋಟಿ ಪ್ರೋಟೀನ್ ಅಣುಗಳನ್ನು ಒತ್ತಾಗಿ ಜೋಡಿಸಿದ ಅಂಗಿ ಇದೆ. ಅದರ ಪೆಟ್ಟಿಗೆಯಲ್ಲಿ ಇಂಥ ಅಂಗಿಗಳ ಸುಮಾರು 2,000 ನಮೂನೆಗಳಿವೆ. ಹೆಚ್ಚಿನವು ಅರೆಬರೆ, ಹರಕಲು. ಆದರೆ ನಮ್ಮ ಅಜ್ಜಿಯರು ಹಳೆಯ ಬಟ್ಟೆಯ ಚೂರು ಸೇರಿಸಿ ಕೌದಿ ಹೊಲಿಯುವುದಿಲ್ಲವೇ? ಹಾಗೆ ಈ ಚೂರುಗಳನ್ನು ಕೂಡಿಸಿ ಅದು ಹೊಸ ಅಂಗಿಯನ್ನೇ ಹೊಲಿದುಕೊಳ್ಳುತ್ತದೆ. 2015ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದವರು ಸುಂಡಿಲಿಗಳ ರಕ್ತವನ್ನು ಸೂಕ್ಷ್ಮವಾಗಿ ನೋಡಿದಾಗ, ಒಂದೇ ಹೊತ್ತಿನಲ್ಲಿ ಹತ್ತಾರು ಬಗೆಯ ಅಂಗಿಗಳು ಕಂಡವು. ಒಬ್ಬ ವೇಷಗಾರನಲ್ಲ, ಇಡೀ ಮೇಳ! ಯಾವ ಅಂಗಿಗೆಂದು ಲಸಿಕೆ ಮಾಡುವುದು? ನಿದ್ರಾರೋಗಕ್ಕೆ ಇನ್ನೂ ಲಸಿಕೆ ಇಲ್ಲದಿರಲು ಇದೇ ದೊಡ್ಡ ಕಾರಣ.

ನನ್ನನ್ನು ಹೆಚ್ಚು ಬೆಚ್ಚಿಸಿದ್ದು ಇನ್ನೊಂದು ಸಂಗತಿ. 2008ರಲ್ಲಿ ಬೆಲ್ಜಿಯಂ ವಿಜ್ಞಾನಿಗಳು ಪ್ರಕಟಿಸಿದ್ದು. ನಾಯಿಕೆಮ್ಮಿನ ಲಸಿಕೆ ಹಾಕಿದ್ದ ಸುಂಡಿಲಿಗಳಿಗೆ ಟ್ರಿಪನೊಸೋಮ ಸೋಂಕಿದಾಗ ಆ ಲಸಿಕೆಯ ರಕ್ಷಣೆಯೇ ಅಳಿಸಿಹೋಯಿತು. ಪ್ರತಿಕಾಯ ತಯಾರಿಸುವ, ಹಳೆಯ ರೋಗವನ್ನು ನೆನಪಿಡುವ ಜೀವಕೋಶಗಳೇ ಸತ್ತಿದ್ದವು. ಮನುಷ್ಯರಿಗೂ ಹೀಗೇ ಆದರೆ? ಸದ್ಯ, ಹಾಗಿಲ್ಲ. ನಿದ್ರಾರೋಗ ಬಂದವರಲ್ಲಿ ದಡಾರದ ಪ್ರತಿಕಾಯಗಳನ್ನು ಅಳೆದು ನೋಡಿದರು. ಸ್ವಲ್ಪ ಕಡಿಮೆಯಾಗಿದ್ದರೂ ಕಾಪಾಡುವಷ್ಟು ಉಳಿದಿದ್ದವು. ಸುಂಡಿಲಿ ಹೇಳಿದ್ದನ್ನೆಲ್ಲ ಮನುಷ್ಯರಲ್ಲಿ ಮತ್ತೊಮ್ಮೆ ಕೇಳಿಯೇ ನಂಬಬೇಕು ಎನ್ನುವುದು ಇದಕ್ಕೇ.

ಔಷಧಿಗೆ ಮಾತ್ರ ವೇಷದ ಹಂಗಿಲ್ಲ. 1998ರಲ್ಲಿ ವರ್ಷಕ್ಕೆ ಸುಮಾರು 40,000 ನಿದ್ರಾರೋಗಿಗಳು ಪತ್ತೆಯಾಗಿದ್ದರು. ರೋಗಿಗಳನ್ನು ಹುಡುಕಿ ಔಷಧಿ ಕೊಟ್ಟು, ನೊಣಗಳನ್ನು ಹಿಡಿದು, 2018ರ ಹೊತ್ತಿಗೆ ಅದು 1,000ಕ್ಕಿಂತ ಕೆಳಗಿಳಿಯಿತು.

ಈ ವೇಷಗಾರನ ದಾಯಾದಿಯೊಬ್ಬ ನಮ್ಮ ದೇಶದಲ್ಲೂ ಇದ್ದಾನೆ. ದನ, ಎಮ್ಮೆ, ಕುದುರೆ, ಒಂಟೆಗಳಿಗೆ ಸರ್ರಾ ರೋಗ ತರುವವನು. 1880ರಲ್ಲಿ ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಇವನನ್ನು ಪತ್ತೆ ಮಾಡಿದ. ಕಚ್ಚುವ ದೊಡ್ಡ ನೊಣಗಳು ಇವನ ವಾಹನ. ಇವನೂ ಅಲೆಯಲೆಯಾಗಿ ಬರುವವನೇ. ಅಲೆ ಇಳಿದ ದಿನ ರಕ್ತ ಪರೀಕ್ಷೆ ಮಾಡಿದರೆ ಕಾಣದೆಯೇ ಇರಬಹುದು. ಹಾಗಾಗಿ ಹಸುವಿಗೆ ಜ್ವರ ಬಂದು ಬಿಟ್ಟು ಬಂದು ಸೊರಗುತ್ತಿದ್ದರೆ, ಜ್ವರ ಏರಿದ ದಿನವೇ ಪಶುವೈದ್ಯರನ್ನು ಕರೆದು ಇನ್ನೊಮ್ಮೆ ರಕ್ತ ನೋಡಿಸಬೇಕು.