ಮದ್ದುಗುಂಡು ಎಷ್ಟು ದಿನಕ್ಕಿದೆ ಅಂತ ಕೇಳುವುದು ದೇಶದ್ರೋಹವೇ?

2025ರ ಮೇನಲ್ಲಿ ಭಾರತ-ಪಾಕಿಸ್ತಾನ ಸಂಘರ್ಷ ನಡೆಯುತ್ತಿದ್ದಾಗ ಕೆಲವು ಟಿವಿ ಚಾನೆಲ್‌ಗಳು ಸ್ಟುಡಿಯೋದಲ್ಲೇ ಕೂತು ಕರಾಚಿ ಬಂದರನ್ನು ಉಡಾಯಿಸಿಬಿಟ್ಟವು. ಅದು ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಆ ದಿನಗಳಲ್ಲಿ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ನಾನೊಂದು ಪ್ರಶ್ನೆ ಹಾಕಿದ್ದೆ: ‘ಯುದ್ಧ ತಿಂಗಳುಗಟ್ಟಲೆ ನಡೆದರೆ ನಮ್ಮ ಹತ್ರ ಇರೋ ಮದ್ದುಗುಂಡು ಎಷ್ಟು ದಿನಕ್ಕಾಗುತ್ತೆ?’ ಉತ್ತರ ಬರಲಿಲ್ಲ. ‘ನೀನು ಯಾರ ಕಡೆ?’ ಅನ್ನೋ ಮರುಪ್ರಶ್ನೆ ಬಂತು.

ಅಸಲಿಗೆ ಇದು ಸೈನ್ಯದೊಳಗೇ ದಿನಾ ಕೇಳುವ ಪ್ರಶ್ನೆ. ಅದಕ್ಕೆಂದೇ ಬೆಟಾಲಿಯನ್‌ಗೊಬ್ಬ ಕ್ವಾರ್ಟರ್‌ಮಾಸ್ಟರ್ ಇರ್ತಾರೆ. ಸೈನಿಕರ ವಸತಿ, ರೇಷನ್, ಬಟ್ಟೆ, ಬೂಟು, ಗುಂಡು ಎಲ್ಲದರ ಲೆಕ್ಕ ಅವರದು. ಇದರ ಬಗ್ಗೆ ಯಾರೂ ಸಿನಿಮಾ ಮಾಡಲ್ಲ. ಆದರೆ ಈ ಲೆಕ್ಕ ತಪ್ಪಿದರೆ ಗೆದ್ದ ಯುದ್ಧವೂ ಕೈಜಾರುತ್ತದೆ.

ನಮ್ಮ ಶ್ರೀರಂಗಪಟ್ಟಣವೇ ಇದಕ್ಕೆ ಸಾಕ್ಷಿ. 1791ರ ಮೇನಲ್ಲಿ ಕಾರ್ನ್‌ವಾಲಿಸ್ ಪಟ್ಟಣದ ಹತ್ತಿರದ ಅರಕೆರೆಯಲ್ಲಿ ಟಿಪ್ಪು ಸೈನ್ಯವನ್ನು ಹಿಮ್ಮೆಟ್ಟಿಸಿದ. ಕೋಟೆ ಕಣ್ಣೆದುರಿಗಿತ್ತು. ಆದರೆ ಅಷ್ಟರಲ್ಲಿ ಅವನ ಎತ್ತುಗಳು ರಾಶಿರಾಶಿಯಾಗಿ ಸತ್ತಿದ್ದವು, ಧಾನ್ಯ ಮುಗಿದಿತ್ತು. ಎಳೆಯುವವರಿಲ್ಲದ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ವಾಪಸಾದ. ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಬಂದಾಗ ಅವನ ಬೆನ್ನಿಗೆ ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸುವ ಬಂಜಾರರಿದ್ದರು. ಈ ಸಲ ಟಿಪ್ಪು ಅರ್ಧ ರಾಜ್ಯ, 3.30 ಕೋಟಿ ರೂಪಾಯಿ ಕೊಡಲು ಒಪ್ಪಬೇಕಾಯ್ತು. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ.

ಸಾಗಾಟದ ಬೆಲೆ ಟಿಪ್ಪುವಿಗೂ ಗೊತ್ತಿತ್ತು. ಮೈಸೂರು ಅರಸರ ಕಾಲದಿಂದ ಬಂದಿದ್ದ ‘ಬೆಣ್ಣೆ ಚಾವಡಿ’ಗೆ ಅಮೃತ್ ಮಹಲ್ ಅಂತ ಹೆಸರಿಟ್ಟು ಎತ್ತುಗಳನ್ನು ಸೈನ್ಯಕ್ಕಾಗಿಯೇ ಸಾಕಿಸಿದವನು ಅವನು. 1799ರಲ್ಲಿ ಅವನು ಮಡಿದ ಮೇಲೆ ಅದೇ ಎತ್ತುಗಳು ಬ್ರಿಟಿಷರ ಫಿರಂಗಿ ಎಳೆದವು. ಇನ್ನು ಬ್ರಿಟಿಷ್ ಸೈನ್ಯದ ಹೊಟ್ಟೆ ತುಂಬಿಸಿದ ಬಂಜಾರರು? 1871ರಲ್ಲಿ ಬ್ರಿಟಿಷರೇ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅವರ ಹಲವು ಗುಂಪುಗಳಿಗೆ ‘ಹುಟ್ಟು ಅಪರಾಧಿ’ಗಳ ಪಟ್ಟ ಕಟ್ಟಿತು.

ಈಗ ಇವತ್ತಿಗೆ ಬರೋಣ. 40 ದಿನಗಳ ಯುದ್ಧಕ್ಕೆ ಆಗುವಷ್ಟು ಮದ್ದುಗುಂಡು ದಾಸ್ತಾನಿರಬೇಕು ಅನ್ನೋದು ಸೇನೆಯ ಲೆಕ್ಕವಾಗಿತ್ತು. 2017ರಲ್ಲಿ ಸಿಎಜಿ ವರದಿ ಏನು ಹೇಳಿತು? ಪರಿಶೀಲಿಸಿದ 152 ಬಗೆಯ ಮದ್ದುಗುಂಡುಗಳಲ್ಲಿ 61 ಬಗೆಯವು 10 ದಿನಕ್ಕೂ ಸಾಲುತ್ತಿರಲಿಲ್ಲ. 2020ರಲ್ಲಿ ಸಂಸತ್ತಿಗೆ ಬಂದ ಇನ್ನೊಂದು ವರದಿ, ಸಿಯಾಚಿನ್‌ನಂಥ ಎತ್ತರದ ಜಾಗಗಳಲ್ಲಿ ಹಿಮಗನ್ನಡಕಕ್ಕೆ ಕೊರತೆಯಿತ್ತು, ಹಳೇ ಬೂಟುಗಳನ್ನೇ ಮತ್ತೆ ಬಳಸಬೇಕಾಯ್ತು ಅಂತ ಬರೆಯಿತು. ಅದು ಹಳೆಯ ಸ್ಥಿತಿ, ಈಗ ಸುಧಾರಿಸಿದೆ ಅಂತ ಸೇನೆ ಹೇಳಿತು. ಸುಧಾರಿಸಿದ್ದರೆ ಸಂತೋಷವೇ. ಆದರೆ ಕೊರತೆ ನಮಗೆ ಗೊತ್ತಾಗಿದ್ದು ಜೈಕಾರದಿಂದಲ್ಲ, ಲೆಕ್ಕ ಕೇಳಿದ್ದರಿಂದ.

ನೀರು ನೀರಾದ ದಾಲ್, ಸುಟ್ಟ ರೊಟ್ಟಿ ತೋರಿಸಿ 2017ರಲ್ಲಿ ವಿಡಿಯೋ ಮಾಡಿದ ಬಿಎಸ್‌ಎಫ್ ಯೋಧ ತೇಜ್ ಬಹದ್ದೂರ್ ಯಾದವ್ ಕೆಲಸವನ್ನೇ ಕಳಕೊಂಡರು. ಹೊಟ್ಟೆಯ ಪ್ರಶ್ನೆಯನ್ನು ಶಿಸ್ತಿನ ಪ್ರಶ್ನೆ ಮಾಡಿ ಮುಗಿಸಲಾಯ್ತು.

‘ಇದನ್ನೆಲ್ಲ ಬಹಿರಂಗವಾಗಿ ಚರ್ಚಿಸಿದರೆ ಶತ್ರುವಿಗೆ ಅನುಕೂಲ’ ಅನ್ನುವ ವಾದವನ್ನು ನಾನು ತಳ್ಳಿಹಾಕಲ್ಲ. ಯಾವ ಗೋದಾಮಿನಲ್ಲಿ ಎಷ್ಟಿದೆ ಅಂತ ಯಾರೂ ಹೇಳಬೇಕಾಗಿಲ್ಲ. ನಿಗದಿಪಡಿಸಿದ ಮಟ್ಟ ತಲುಪಿದ್ದೇವಾ, ತಲುಪದಿದ್ದರೆ ಹೊಣೆ ಯಾರದು ಅನ್ನೋದನ್ನಂತೂ ಸಂಸತ್ತಿಗೆ ಹೇಳಲೇಬೇಕು. ಯಾಕಂದ್ರೆ ಅಂಕಿ ಮುಚ್ಚಿಟ್ಟರೆ ಬಚಾವಾಗುವವರು ದೆಹಲಿಯಲ್ಲಿ ಕೂತವರು. ಹಳೇ ಬೂಟು ಹಾಕ್ಕೊಂಡು ಹಿಮದಲ್ಲಿ ನಿಲ್ಲೋದು ನಮ್ಮ ಊರಿನ ಹುಡುಗ.

ಮುಂದಿನ ಸಲ ನಿಮ್ಮ ಗ್ರೂಪಿನಲ್ಲಿ ಯಾರಾದರೂ ಯುದ್ಧ ಆಗಲೇಬೇಕು ಅಂದರೆ ಜಗಳ ಆಡಬೇಡಿ. ಎಷ್ಟು ದಿನಕ್ಕಾಗುವಷ್ಟಿದೆ ಅಂತ ಕೇಳಿ.